ತಾಳೆ ಬೀಜದ ಪ್ರಯೋಗ: ದೀಪಾವಳಿ ನಂತರದ ಅಪ್‌ಡೇಟ್

ಮಳೆಗಾಲದಲ್ಲಿ ಬೇಲಿ ಬದಿಗೆ ಹೂತಿದ್ದ ತಾಳೆ (ತಾಟಿನಿಂಗಿನ ಮರ) ಬೀಜಗಳನ್ನು ಈ ವಾರ ಅಲ್ಲಲ್ಲಿ ಅಗೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಮೊಳೆತಿವೆ. ಮೇಲೆ ಮಾತ್ರ ಒಂದು ಎಲೆಯೂ ಇಲ್ಲ, ಯಾಕಂದ್ರೆ ಇದರ ಮೊಳಕೆ ಮೊದಲು ಹೋಗೋದೇ ಕೆಳಕ್ಕೆ. ಬೀಜದಿಂದ ದಪ್ಪನೆಯ ಬಿಳಿ ಕೊಳವೆಯೊಂದು ಹೊರಟು ನೇರ ಮಣ್ಣಿಗಿಳಿಯುತ್ತದೆ, ಭ್ರೂಣ ಅದರ ತುದಿಯಲ್ಲಿರುತ್ತದೆ, ಒಂದೆರಡು ಅಡಿ ಆಳಕ್ಕೆ ಹೋದ ಮೇಲೆ ಅಲ್ಲಿಂದ ಬೇರು ಕೆಳಗೆ, ಚಿಗುರು ಮೇಲೆ. ಪಾಲಿಥಿನ್ ಚೀಲದಲ್ಲಿ ಸಸಿ ಮಾಡಿ ಆಮೇಲೆ ನೆಡ್ತೀನಿ ಅನ್ನೋರು ಇದನ್ನು ನೋಡಬೇಕು. ಮರ ಎಲ್ಲಿ ಬೇಕೋ ಬೀಜ ಅಲ್ಲೇ ಹಾಕೋದು ವಾಸಿ.

ಒಂದು ಬೀಜವನ್ನು ಕತ್ತಿಯಲ್ಲಿ ಸೀಳಿದೆ. ಕೈ ನೋವು ಬಂತು, ಅಷ್ಟು ಗಟ್ಟಿ. ಸುತ್ತ ದಂತದ ಬಣ್ಣದ ತಿರುಳು, ನಡುವೆ ಕೆನೆಬಣ್ಣದ ಮೆತ್ತನೆ ಉಂಡೆ. ತೆಂಗಿನಕಾಯಿ ಮೊಳೆತಾಗ ಒಳಗೆ ಸಿಗುತ್ತಲ್ಲ, ಅದೇ ಅಂಗ ಇದು. ತಿರುಳನ್ನು ಕರಗಿಸಿ ಮೊಳಕೆಗೆ ಊಟ ಕಳಿಸೋದು ಇದರ ಕೆಲಸ. ತಿಂದು ನೋಡಿದೆ, ಸಿಹಿ. ಬೇಸಿಗೆಯಲ್ಲಿ ನಾವು ಚೀಪುವ ಈರೋಳು, ಅಂದ್ರೆ ತಾಟಿನಿಂಗು, ಈ ಗಟ್ಟಿ ತಿರುಳಿನ ಎಳೆಯ ರೂಪ.

ಇನ್ನು ಹಣ್ಣಿನ ರಸ. ಔಷಧಿ ವಿಷಯಕ್ಕೆ ಬಂದರೆ ಜನ ಈರೋಳನ್ನೇ ಹೊಗಳುತ್ತಾರೆ, ತಂಪು, ಬೆವರುಸಾಲೆಗೆ ಹಚ್ಚಿ ಅಂತೆಲ್ಲ. ಅದರಲ್ಲಿ ಹೆಚ್ಚಿನಂಶ ನೀರೇ ಅಲ್ವಾ! ನನಗೆ ಕುತೂಹಲ ಇರೋದು ಬಲಿತು ಬಿದ್ದ ಹಣ್ಣಿನ ಕಿತ್ತಳೆ ತಿರುಳಿನ ಮೇಲೆ. ಬಣ್ಣ ಕೆರೊಟಿನಾಯ್ಡ್‌ಗಳದ್ದು (ಕ್ಯಾರೆಟ್‌ಗೆ ಬಣ್ಣ ಕೊಡುವಂಥವು), ಕಹಿ ಫ್ಲಾಬೆಲ್ಲಿಫೆರಿನ್ ಎಂಬ ಸಪೋನಿನ್‌ಗಳದ್ದು, ಅಂದ್ರೆ ಸೋಪಿನಂತೆ ನೊರೆ ಬರಿಸುವ ಸಸ್ಯ ರಾಸಾಯನಿಕಗಳದ್ದು. ಶ್ರೀಲಂಕಾದ ಸಂಶೋಧಕರು ಈ ಕಹಿಯ ಬೆನ್ನು ಹತ್ತಿದ್ದಾರೆ, ಇಲಿಗಳ ಕರುಳಲ್ಲಿ ಗ್ಲೂಕೋಸ್ ಹೀರಿಕೆ ಇದರಿಂದ ತಗ್ಗಿದ್ದನ್ನು ಕಂಡಿದ್ದಾರೆ. ಒಳ್ಳೆಯ ಸುಳಿವು. ಹಾಗಂತ ಶುಗರ್ ಮಾತ್ರೆ ಬಿಟ್ಟು ತಾಳೆ ಹಣ್ಣು ತಿನ್ನೋಕೆ ಹೋಗಬೇಡಿ. ನಾನಂತೂ ನಾರಿನಿಂದ ರಸ ಹಿಂಡಿ, ಅಕ್ಕಿ, ಬೆಲ್ಲ ಸೇರಿಸಿ ಮುಳ್ಕ ಮಾಡಿದೆ. ಅಷ್ಟು ಬೆಲ್ಲ ಹಾಕಿದರೂ ಗಂಟಲಲ್ಲಿ ಕಹಿ ಉಳಿಯಿತು. ಮನೆಯಲ್ಲಿ ಇಷ್ಟಪಟ್ಟಿದ್ದು ಅಮ್ಮ ಒಬ್ಬರೇ.

ಗಂಡು, ಹೆಣ್ಣು ಮರ ಬೇರೆ ಬೇರೆ. ಯಾವುದು ಯಾವುದೆಂದು ಹೂ ಬಿಡುವವರೆಗೆ ನೋಡಿ ಹೇಳೋಕಾಗಲ್ಲ, ಅದಕ್ಕೆ 12 ರಿಂದ 20 ವರ್ಷ ಬೇಕು. ಅಷ್ಟು ಕಾಯೋ ತಾಳ್ಮೆ ಇದೆಯೋ ಇಲ್ವೋ, ಒಂದು ಸಾಲನ್ನು ಮಾತ್ರ ಸಂಕ್ರಾಂತಿ ಹೊತ್ತಿಗೆ ಕೀಳ್ತೀನಿ. ತಮಿಳುನಾಡಲ್ಲಿ ಪೊಂಗಲ್‌ಗೆ ಮೊಳೆತ ಬೀಜದ ಕೆಳಗೆ ಮಣ್ಣಲ್ಲಿ ಬೆಳೆಯುವ ಗೆಡ್ಡೆ ಬೇಯಿಸಿ ತಿನ್ನುತ್ತಾರೆ, ನಮ್ಮ ಮಣ್ಣಲ್ಲಿ ಎಷ್ಟು ದಪ್ಪ ಬರುತ್ತೆ ನೋಡೋಣ.