ಸಂಶಯದ ಲಾಭ

ನಿನ್ನೆ ರಾತ್ರಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುತ್ತ ಕುಳಿತವರೆಲ್ಲ, ಕೊಲೆ ಪ್ರಕರಣವೊಂದರ ಆರೋಪಿ ಸಂಶಯದ ಲಾಭ ಪಡೆದು ಖುಲಾಸೆಯಾದ ಸುದ್ದಿ ಕೇಳಿ ನ್ಯಾಯಾಲಯವನ್ನೇ ದೂರಿದರು. ದೊಡ್ಡಮ್ಮ ಮಾತ್ರ ಮೆಟ್ಟುಗತ್ತಿಯ ಮೇಲಿದ್ದ ಕೈಯನ್ನು ತಡೆದು, "ಅವನೇ ಕೊಂದದ್ದೆಂದು ಕಂಡವರು ಯಾರು?" ಎಂದು ಕೇಳಿದರು.

ಪ್ರಶ್ನೆ ಅಷ್ಟೇ ಅಲ್ಲವೇ? ನೌಕಾಪಡೆಯ ಅಧಿಕಾರಿಯೊಬ್ಬ ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತಿದ್ದ 1959ರ ನಾನಾವತಿ ಪ್ರಕರಣದಲ್ಲಿ, ಪತ್ರಿಕೆಗಳೂ ಜನರೂ ಆರೋಪಿಯ ಪರ ಮರುಗುತ್ತಿದ್ದಾಗ, ಜ್ಯೂರಿಯಲ್ಲಿ, ಅಂದರೆ ತೀರ್ಮಾನ ಹೇಳಲು ಕೂತ ಒಂಬತ್ತು ಮಂದಿ ಸಾಮಾನ್ಯ ನಾಗರಿಕರಲ್ಲಿ, ಎಂಟು ಮಂದಿ ಆತ ನಿರ್ದೋಷಿ ಎಂದರು. ಬಾಂಬೆ ಹೈಕೋರ್ಟ್ ಅದನ್ನು ಒಪ್ಪದೆ ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಜ್ಯೂರಿ ತನ್ನ ತೀರ್ಮಾನಕ್ಕೆ ಕಾರಣ ಬರೆಯಬೇಕಿರಲಿಲ್ಲ, ಇಂದಿನ ನ್ಯಾಯಾಧೀಶರು ಬರೆಯಲೇಬೇಕು. ನಾವು ಓದಿದ್ದು ಸುದ್ದಿಯ ಶೀರ್ಷಿಕೆಯನ್ನು; ಆ ಕಾರಣಗಳನ್ನು ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ತೀರ್ಪಿನ ಪ್ರತಿಯನ್ನು ಇಂದು ಹುಡುಕುತ್ತೇನೆ.