ಅದು ಬ್ಯಾರೆ ಅಡ್ಮಿಷನ್ ರೀ

ಮಂಗಳವಾರ ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಮ್ಮ ಕಾಕಾ ಬಿಲ್ಲಿಂಗ್ ಕೌಂಟರಿನ ಹುಡುಗನಿಗೆ ಒಂದು ಪ್ರಶ್ನೆ ಕೇಳಿದರು. ಆಸ್ಪತ್ರೆ ಹೆಸರು ಬೇಡ ಬಿಡಿ, ಎಲ್ಲ ಕಡೆನೂ ಇದೇ ಕಥೆ.

"ತಮ್ಮಾ, ನಮ್ಮೂರಾಗ ಮೋಟರ್ ರಿವೈಂಡಿಂಗ್ ಮಾಡಾಂವ ಒಬ್ಬ ಅದಾನ. ತಿಂಗಳದಾಗ ಕಾಯಿಲ್ ಮತ್ತ ಸುಟ್ಟಿತಂದ್ರ ಫುಕ್ಕಟ ಕಟ್ಟಿ ಕೊಡ್ತಾನ. ನೀವ್ ನೋಡಿದ್ರ ಎರಡನೇ ಸಲನೂ ರೊಕ್ಕ ಹಚ್ಚೀರಿ?"

ಹುಡುಗ ಕಂಪ್ಯೂಟರಿನಿಂದ ಕಣ್ಣು ಎತ್ತಲಿಲ್ಲ. "ಅದು ಬ್ಯಾರೆ ಅಡ್ಮಿಷನ್ ರೀ ಕಾಕಾರ."

ಹಿಂದೆ ಕ್ಯೂನಲ್ಲಿದ್ದವರು ನಕ್ಕರು. ನನಗೂ ನಗು ಬಂತು. ರಾತ್ರಿ ಮಲಗಿದ ಮೇಲೆ ಸಿಟ್ಟು ಬಂತು. ಇವತ್ತಿಗೂ ಆ ಮಾತು ತಲೆಯಲ್ಲಿ ಸುತ್ತುತ್ತಿದೆ.

ಕಾಕಾಗೆ ಹರ್ನಿಯಾ ಆಪರೇಷನ್ ಆಗಿತ್ತು. ಮುಧೋಳ ಕಡೆ ಕಬ್ಬಿನ ಹೊಲ, ಅರವತ್ತು ದಾಟಿದ ವಯಸ್ಸು, ಹಳೇ ಶುಗರ್, ಬಾಯಲ್ಲಿ ಯಾವಾಗಲೂ ತಂಬಾಕು. ಆಯುಷ್ಮಾನ್ ಕಾರ್ಡ್ ಇದೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಬೇಕು, ಅಷ್ಟು ಓಡಾಡುವವರು ಯಾರು ಅಂತ ನಗದು ಕೊಟ್ಟೇ ಮಾಡಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಊರಿಗೆ ಹೋದರು. ಆಮೇಲೆ ಗಾಯ ಕೆಂಪಾಯಿತು, ಕೀವಾಯಿತು, ಹೊಲಿಗೆ ಬಿಚ್ಚಿಕೊಂಡಿತು. ಮತ್ತೆ ಅದೇ ಆಸ್ಪತ್ರೆ, ಅದೇ ವಾರ್ಡು, ಅದೇ ಡಾಕ್ಟರು. ಫೈಲು ಮಾತ್ರ ಹೊಸದು. ರಿಜಿಸ್ಟ್ರೇಷನ್ ಫೀ ಕೂಡ ಹೊಸದಾಗಿ ಹಾಕಿದ್ದರು ಅಂದರೆ ನೋಡಿ.

ಎರಡೂ ಬಿಲ್ಲನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಜಾಸ್ತಿ. ಬೆಡ್, ನರ್ಸಿಂಗ್, ಐವಿ, ಡ್ರೆಸ್ಸಿಂಗ್, ಕೀವಿನ ಕಲ್ಚರ್ ಟೆಸ್ಟ್. ಒಂದೊಂದನ್ನೇ ನೋಡಿದರೆ ಯಾವುದೂ ಸುಳ್ಳಲ್ಲ. ಎಲ್ಲ ಮಾಡಿದ್ದಾರೆ, ನಾನೇ ಕೂತು ನೋಡಿದ್ದೇನೆ. ಆದರೆ ಇಡೀ ಕಾಗದ ಹೇಳುವುದೇನು? ಮೊದಲ ಕೆಲಸ ನೆಟ್ಟಗಾಗಿದ್ದರೆ ಆಸ್ಪತ್ರೆಗೆ ಈ ದುಡ್ಡು ಬರುತ್ತಿರಲಿಲ್ಲ, ಅಲ್ವಾ? ಯಾರೂ ಬೇಕಂತ ಗಾಯ ಕೆಡಿಸುವುದಿಲ್ಲ, ಅದು ನನಗೂ ಗೊತ್ತು. ಆ ಡಾಕ್ಟರು ಒಳ್ಳೆಯವರೇ, ರಾತ್ರಿ ಹತ್ತಕ್ಕೆ ಬಂದು ಪಟ್ಟಿ ಬಿಚ್ಚಿ ನೋಡಿ ಹೋದರು. ಆದರೆ ಗಾಯ ಕೆಡದ ಹಾಗೆ ನೋಡಿಕೊಳ್ಳುವುದಕ್ಕೆ ಆಸ್ಪತ್ರೆಗೆ ಒಂದು ಪೈಸೆಯ ಲಾಭವೂ ಇಲ್ಲ.

ಡ್ರೆಸ್ಸಿಂಗ್ ಮಾಡಿದ ಸಿಸ್ಟರ್ ಬಗ್ಗೆ ಹೇಳಲೇಬೇಕು. ಇಪ್ಪತ್ತೈದರ ಒಳಗಿನ ಹುಡುಗಿ. ಒಳಗೆ ತುರುಕಿದ್ದ ಗಾಜ್ ಪಟ್ಟಿಗೆ ಸಲೈನ್ ಬಿಟ್ಟು ನೆನೆಸಿ, ನಿಧಾನಕ್ಕೆ ಎಳೆಯುತ್ತಾ, "ಮನ್ಯಾಗ ಶುಗರ್ ಯಾವಾಗ ನೋಡಿಸಿದ್ರಿ? ಹೊಲಕ್ಕ ಹೋಗಿದ್ರೇನು? ಜಳಕ ಯಾವಾಗಿಂದ ಮಾಡಾಕತ್ತೀರಿ?" ಅಂತ ಕೇಳುತ್ತಲೇ ಇದ್ದಳು. ಆಗ ಹೊರಬಿತ್ತು ವಿಷಯ. ಹತ್ತನೇ ದಿನಕ್ಕೇ ಕಾಕಾ ಕರೆಂಟ್ ಬಂತು ಅಂತ ಮೋಟರ್ ಚಾಲೂ ಮಾಡಲು ಹೋಗಿ, ನೀರಿನ ಪೈಪು ಹೊತ್ತಿದ್ದಾರೆ. ಕಾಕು ಅಲ್ಲೇ ಬೈದರು. "ಹೊರಬ್ಯಾಡ ಅಂತ ಯಾರ್ ಹೇಳ್ಯಾರ ನನಗ?" ಅಂದರು ಕಾಕಾ. ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿದೆ. ಬರೆದಿದ್ದರು. ಇಂಗ್ಲಿಷಿನಲ್ಲಿ, ಕೊನೆಯ ಸಾಲಿನಲ್ಲಿ.

ಆ ಹುಡುಗಿ ಕೇಳಿದ್ದನ್ನು ಮೊದಲ ಡಿಸ್ಚಾರ್ಜ್ ದಿನವೇ ಯಾರಾದರೂ ಐದು ನಿಮಿಷ ಕೂತು ಹೇಳಿದ್ದರೆ? ನಾಲ್ಕನೇ ದಿನ ಒಂದು ಫೋನ್ ಮಾಡಿದ್ದರೆ? ಅದಕ್ಕೆ ಬಿಲ್ ಹಾಕಲು ಬರುವುದಿಲ್ಲ, ಹಾಗಾಗಿ ಯಾರೂ ಮಾಡುವುದಿಲ್ಲ. ಐವಿಗೆ ಬಿಲ್ಲಿದೆ.

ಕಾಕಾ ಕೇಳಿದ್ದು ತಮಾಷೆ ಪ್ರಶ್ನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗೈಸಿಂಗರ್ ಅನ್ನುವ ಆಸ್ಪತ್ರೆ ಸಮೂಹ 2006ರಲ್ಲಿ ಇದನ್ನೇ ಮಾಡಿತು. ಬೈಪಾಸ್ ಸರ್ಜರಿಗೆ ಒಂದೇ ದರ, 90 ದಿನದೊಳಗೆ ಅದರಿಂದ ತೊಂದರೆಯಾದರೆ ಮತ್ತೆ ಬಿಲ್ ಇಲ್ಲ. ಸುಮ್ನೆ ಮಾತು ಕೊಡಲಿಲ್ಲ, ಪ್ರತಿ ರೋಗಿಗೂ ತಪ್ಪದೆ ಮಾಡಬೇಕಾದ 40 ಕೆಲಸಗಳ ಪಟ್ಟಿ ಮಾಡಿಕೊಂಡರು. ಅಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಅದು 2008ರ ಅಕ್ಟೋಬರಿನಿಂದ ಆಸ್ಪತ್ರೆಯಲ್ಲೇ ಆದ ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು), ಕೆಲವು ಬಗೆಯ ಸೋಂಕು, ಒಳಗೇ ಮರೆತ ಹತ್ತಿ ಇಂಥದ್ದಕ್ಕೆಲ್ಲ ಹೆಚ್ಚಿನ ದುಡ್ಡು ಕೊಡುವುದನ್ನು ನಿಲ್ಲಿಸಿತು. 2012ರ ಅಕ್ಟೋಬರಿನಿಂದ ಇನ್ನೂ ಮುಂದೆ ಹೋಯಿತು. ಹೃದಯಾಘಾತ, ನ್ಯುಮೋನಿಯಾದಂಥ ಕೆಲವು ಕಾಯಿಲೆಗಳಲ್ಲಿ ಮನೆಗೆ ಹೋದವರು 30 ದಿನದೊಳಗೆ ಜಾಸ್ತಿ ಸಂಖ್ಯೆಯಲ್ಲಿ ವಾಪಸ್ ಅಡ್ಮಿಟ್ ಆದರೆ ಆ ಆಸ್ಪತ್ರೆಯ ಹಣದಲ್ಲಿ ಕಡಿತ. ಮೊದಲು 1% ತನಕ, ಆಮೇಲೆ 3% ತನಕ. ಅಲ್ಲಿ "ಬ್ಯಾರೆ ಅಡ್ಮಿಷನ್ ರೀ" ಅಂದರೆ ಆಸ್ಪತ್ರೆಗೇ ಬರೆ.

ಇದನ್ನೆಲ್ಲ ವಿಜಯಪುರದಲ್ಲಿ ಸರ್ಜನ್ ಆಗಿರುವ ಗೆಳೆಯನಿಗೆ ಫೋನಿನಲ್ಲಿ ಜೋಶ್‌ನಿಂದ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ್ದು: "ಹಂಗ ಕಾನೂನು ಬಂತಂದ್ರ ನಿಮ್ಮ ಕಾಕಾನ್ನ ನಾ ಮುಟ್ಟೂದೇ ಇಲ್ಲ ನೋಡು. ಶುಗರ್ ಐತಿ, ತಂಬಾಕ ಐತಿ, ಹೇಳಿದ ಮಾತ್ ಕೇಳಂಗಿಲ್ಲ. ಮಿರಜಕ್ಕ ಹೋಗ್ರಿ ಅಂತೀನಿ." ರಿವೈಂಡಿಂಗ್‌ನವನೂ ವೋಲ್ಟೇಜ್ ಕಡಿಮೆಯಾಗಿ ಸುಟ್ಟರೆ ಫುಕ್ಕಟ ಮಾಡಲ್ಲ, ಕೇಳು ನಿಮ್ಮ ಕಾಕಾನ್ನ, ಅಂತ ಬೇರೆ ಸೇರಿಸಿದ. ಇವನು ಯಾವಾಗಲೂ ಹೀಗೆ, ಮಾತಿನಲ್ಲಿ ಸೋಲಲ್ಲ.

ಆದರೆ ಅವನ ಮಾತು ಬರೀ ವಾದ ಅಲ್ಲ. ನ್ಯೂಯಾರ್ಕ್ ರಾಜ್ಯ 1990ರ ಸುಮಾರಿಗೆ ಬೈಪಾಸ್‌ನಲ್ಲಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಸಾವು ಅಂತ ಪ್ರಕಟಿಸಲು ಶುರು ಮಾಡಿದಾಗ, ಕಷ್ಟದ ರೋಗಿಗಳನ್ನು ಬೇಡ ಅಂತಿದ್ದಾರೆ ಅನ್ನುವ ದೂರು ಬಂತು. ಬ್ರಿಟನ್ನಿನಲ್ಲಿ 48 ಗಂಟೆಯೊಳಗೆ ಅಪಾಯಿಂಟ್‌ಮೆಂಟ್ ಕೊಡಬೇಕು ಅಂತ ಗುರಿ ಇಟ್ಟರೆ, ಕೆಲವು ಕ್ಲಿನಿಕ್‌ಗಳು ಅದಕ್ಕಿಂತ ಮುಂದಿನ ದಿನಕ್ಕೆ ಬುಕ್ ಮಾಡುವುದನ್ನೇ ನಿಲ್ಲಿಸಿಬಿಟ್ಟವು. 2005ರಲ್ಲಿ ಟಿವಿ ಕಾರ್ಯಕ್ರಮದಲ್ಲಿ ಒಬ್ಬ ಹೆಂಗಸು ಇದನ್ನು ಪ್ರಧಾನಿ ಟೋನಿ ಬ್ಲೇರ್ ಮುಖಕ್ಕೇ ಹೇಳಿದಾಗ ಆತನಿಗೆ ಇದು ಗೊತ್ತೇ ಇರಲಿಲ್ಲ. ಮೆಡಿಕೇರ್ ಕಡಿತವೂ ಬಡವರಿಗೆ ಜಾಸ್ತಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೇ ಹೆಚ್ಚು ಬಿತ್ತು. ಕೊನೆಗೆ 2016ರಲ್ಲಿ ಕಾನೂನು ತಿದ್ದಿ, ಅಂಥ ಆಸ್ಪತ್ರೆಗಳನ್ನು ಅಂಥವುಗಳ ಜೊತೆಗೇ ಹೋಲಿಸಿ ಅಂದರು. ಅಂದರೆ ಲೆಕ್ಕ ಹಾಕುವಾಗ ಕಾಕಾನ ಶುಗರನ್ನೂ ತಂಬಾಕನ್ನೂ ಸೇರಿಸಿಯೇ ಹಾಕಬೇಕು. ಕಷ್ಟ, ಆದರೆ ಆಗದ ಕೆಲಸವೇನಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧ ಸೇರಿದೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ ಅನ್ನುವ ಸಂಸ್ಥೆಯ ಪ್ರವೇಶ ಹಂತದ ಮಾನ್ಯತೆ ಇದ್ದರೆ ದರದ ಮೇಲೆ 10%, ಪೂರ್ತಿ ಮಾನ್ಯತೆ ಇದ್ದರೆ 15% ಜಾಸ್ತಿ ಕೊಡುತ್ತಾರೆ. ಒಳ್ಳೆಯದೇ. ಆದರೆ ಅದು ವ್ಯವಸ್ಥೆ ಹೇಗಿದೆ, ದಾಖಲೆ ಸರಿ ಇದೆಯಾ ಅಂತ ನೋಡಿ ಕೊಡುವ ದುಡ್ಡು. ಕಾಕಾನ ಗಾಯ ಮಾಯಿತಾ ಅಂತ ಕೇಳಿ ಕೊಡುವುದಲ್ಲ. 2017ರ ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಿದ್ದುಪಡಿ ವಿರುದ್ಧ ಡಾಕ್ಟರುಗಳು ಓಪಿಡಿ ಬಂದ್ ಮಾಡಿದ್ದು ನೆನಪಿರಬೇಕು. ಆಗ ನಾನು ಕೇಳಿದ ಜಗಳವೆಲ್ಲ ದರ ಯಾರು ನಿಗದಿ ಮಾಡಬೇಕು, ಜೈಲು ಶಿಕ್ಷೆ ಇರಬೇಕಾ ಅನ್ನುವುದರ ಸುತ್ತ. ಡಾಕ್ಟರನ್ನು ಜೈಲಿಗೆ ಹಾಕಿ ಏನು ಮಾಡುತ್ತೀರಿ? ನನಗೆ ಬೇಕಾದ್ದು ಚಿಕ್ಕದು. ಅದೇ ಆಸ್ಪತ್ರೆ, ಅದೇ ಗಾಯ, 30 ದಿನದೊಳಗೆ ಅಂದರೆ ಬೆಡ್ ಚಾರ್ಜು ರಿಜಿಸ್ಟ್ರೇಷನ್ನು ಬೇಡ, ಔಷಧದ ಖರ್ಚು ತಗೊಳ್ಳಿ. ಗೆಳೆಯನೂ ಇಷ್ಟಕ್ಕೆ ಒಪ್ಪಿದ. ಅವನ ಕ್ಲಿನಿಕ್ಕಿನಲ್ಲಿ ತಾನು ಆಪರೇಷನ್ ಮಾಡಿದವರಿಗೆ ಡ್ರೆಸ್ಸಿಂಗ್ ಫುಕ್ಕಟವಂತೆ. ಮೊದಲೇ ಹೇಳಬಾರದಾ ಮಾರಾಯ.

ಇನ್ನೊಂದು ತೊಡಕಿದೆ. ಕಾಕಾ ಈಗ ಆ ಆಸ್ಪತ್ರೆಗೆ ಹೋಗುತ್ತಿಲ್ಲ. ಮುಧೋಳದ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಿದ್ದಾರೆ, ಅಲ್ಲೇ ಶುಗರ್ ಮಾತ್ರೆಯನ್ನೂ ಬದಲಿಸಿದ್ದಾರೆ. ಆಪರೇಷನ್ ಮಾಡಿದವರ ಲೆಕ್ಕದಲ್ಲಿ ಕಾಕಾ ಗುಣವಾಗಿ ಮನೆಗೆ ಹೋದ ರೋಗಿ. ನಮ್ಮ ಕಡೆ ಎಷ್ಟೋ ಜನ ಇಲ್ಲಿ ಕೆಟ್ಟ ಮೇಲೆ ಮಿರಜ್‌ಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ರಾಜ್ಯವೇ ಬೇರೆ, ಅಲ್ಲಿಂದ ಇಲ್ಲಿಗೆ ಸುದ್ದಿ ಹೇಳುವವರು ಯಾರು? ಇದಕ್ಕೆಂದೇ ಆಭಾ ಅಂತ 14 ಅಂಕಿಯ ನಂಬರ್ ಮಾಡಿದ್ದಾರೆ, ಯಾವ ಆಸ್ಪತ್ರೆಗೆ ಹೋದರೂ ದಾಖಲೆ ಒಂದೇ ಕಡೆ ಸಿಗಲಿ ಅಂತ. ಕಾಕಾನ ಹತ್ತಿರವೂ ಇದೆ, ಊರಿನ ಕ್ಯಾಂಪಿನಲ್ಲಿ ಮಾಡಿಕೊಟ್ಟಿದ್ದಂತೆ, ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಈ ತನಕ ಒಂದು ಕೌಂಟರಿನಲ್ಲೂ ಅದನ್ನು ಕೇಳಿಲ್ಲ.