‘ಕಾಣಿಸುತ್ತದಲ್ಲ, ಸಾಕು’ ಎನ್ನುವವರ ಮುಂದೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಕಚೇರಿಗೆ ವೆಬ್‌ಸೈಟ್ ಮಾಡಿಸಲು ಬರುವವರಲ್ಲಿ ಹೆಚ್ಚಿನವರು ವ್ಯಾಪಾರಸ್ಥರು. ವೆಬ್ ಮಾನದಂಡಗಳ, ಅಂದರೆ ತಾಣ ಎಲ್ಲ ಬ್ರೌಸರು, ಫೋನುಗಳಲ್ಲೂ ಎಲ್ಲರಿಗೂ ಸರಿಯಾಗಿ ಸಿಗಲೆಂದು ಇರುವ ನಿಯಮಗಳ ಮಾತೆತ್ತಿದ ಕೂಡಲೇ ಬಿಲ್ಲು ಎಷ್ಟು ಏರುತ್ತದೆ ಎಂದು ಕೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ದುಡ್ಡು ಅವರದು. ವೆಬ್ ಸೃಷ್ಟಿಸಿದ ಟಿಮ್ ಬರ್ನರ್ಸ್-ಲೀ ಈ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಎಂಬ ಸಂಸ್ಥೆಯನ್ನು 1994ರಲ್ಲಿ ಕಟ್ಟಿದ ಕಥೆ ಅವರಿಗೆ ಬೇಕಾಗಿಲ್ಲ. ಹಾಗಾಗಿ ನಾನು ವಾದಕ್ಕೆ ಇಳಿಯುವುದಿಲ್ಲ. ಅವರ ತಾಣವನ್ನು ಅವರ ಮೊಬೈಲಿನಲ್ಲೇ ತೆರೆಸುತ್ತೇನೆ.

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರ ಹಳೆಯ ತಾಣ ನೋಡಲು ಚೆಂದವೇ ಇತ್ತು. ಡಬ್ಬಿ, ಕಡ್ಡಿ ಎಂಬ ಎರಡೂ ಬಗೆಯ ಮೆಣಸಿನಕಾಯಿಗಳ ಫೋಟೋಗಳಿದ್ದವು. ಬರಹವೆಲ್ಲ ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆಗೆ) ಮುಂಚಿನ ಬಗೆಯ ನುಡಿ ಫಾಂಟಿನಲ್ಲಿತ್ತು. “ತಮ್ಮಾ, ಎಲ್ಲ ಕಾಣಿಸುತ್ತದಲ್ಲ, ಇನ್ನೇನು ಬೇಕು?” ಎಂದರು.

“ಯಜಮಾನರೇ, ಮೊದಲ ಸಾಲನ್ನು ಕಾಪಿ ಮಾಡಿ ಮಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ನೋಡಿ” ಎಂದೆ. ಕಳಿಸಿದರು. ಹೋದದ್ದು ತಲೆಬುಡವಿಲ್ಲದ ರೋಮನ್ ಅಕ್ಷರಗಳು. ಆ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುತ್ತವೆ. ಓದುವವರಿಗೆ ‘ಬ್ಯಾಡಗಿ ಮೆಣಸಿನಕಾಯಿ’ ಎಂದು ಕಂಡರೂ ಗೂಗಲ್‌ನ ಪಾಲಿಗೆ ಆ ಪುಟದಲ್ಲಿ ಅಂಥ ಪದವೇ ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿರುವಾಗ, ಊರಿನ ಹೆಸರಿನಿಂದಲೇ ಮಾರಾಟವಾಗುವ ಸರಕು ತನ್ನ ಭಾಷೆಯಲ್ಲಿ ಹುಡುಕಿದವರಿಗೆ ಸಿಗದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಫೋನ್ ನಂಬರು ಬ್ಯಾನರಿನ ಚಿತ್ರದೊಳಗೆ ಸೇರಿಕೊಂಡಿತ್ತು. ಅದರ ಮೇಲೆ ಬೆರಳೊತ್ತಿದರು. ಕರೆ ಹೋಗಲಿಲ್ಲ, ಮತ್ತೆ ಒತ್ತಿದರು. ಆಮೇಲೆ ಟಾಕ್‌ಬ್ಯಾಕ್ ಚಾಲೂ ಮಾಡಿದೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ, ಆಂಡ್ರಾಯ್ಡ್ ಫೋನಿನ ಸೌಲಭ್ಯ ಅದು. ಡಬ್ಬಿಯ ಫೋಟೋ ಬಂದಾಗ ಅದು ಏನೆಂದು ಹೇಳಲು ಟಾಕ್‌ಬ್ಯಾಕ್‌ಗೆ ಗೊತ್ತಾಗಲಿಲ್ಲ, ಏಕೆಂದರೆ ಕೋಡ್‌ನಲ್ಲಿ ಚಿತ್ರದ ವಿವರಣೆಯನ್ನೇ ಯಾರೂ ಬರೆದಿರಲಿಲ್ಲ. “ಅಂದರೆ ಚೀಟಿ ಇಲ್ಲದ ಚೀಲ” ಎಂದರು ಯಜಮಾನರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

“ನಮ್ಮ ಗಿರಾಕಿಗಳಲ್ಲಿ ಕಣ್ಣು ಕಾಣದವರು ಯಾರಿದ್ದಾರೆ?” ಎಂಬ ಪ್ರಶ್ನೆಯೂ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ತೋರಿಸಿ ಹೆದರಿಸುವುದು ನನಗೆ ಇಷ್ಟವಿಲ್ಲ. ಪೊರೆ ಬಂದ ಕಣ್ಣಿನವರು ಫೋನಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಂಡಿರುತ್ತಾರೆ. ನಿಜವಾದ ಅಕ್ಷರವಾದರೆ ಅದಕ್ಕೆ ತಕ್ಕಂತೆ ದೊಡ್ಡದಾಗುತ್ತದೆ, ಚಿತ್ರದೊಳಗಿನ ಅಕ್ಷರ ಇದ್ದಷ್ಟೇ ಇರುತ್ತದೆ. ಅಂಥವರು ಎಲ್ಲರ ಮನೆಯಲ್ಲೂ ಇದ್ದಾರೆ.

ಧಾರವಾಡದ ಒಂದು ಶಿಕ್ಷಣ ಸಂಸ್ಥೆಗೆ ಮಾನದಂಡಗಳ ಮಾತನ್ನು ಎಷ್ಟು ಹೇಳಿದರೂ ಒಪ್ಪಿಸಲಾಗಲಿಲ್ಲ. ಅವರ ಪ್ರವೇಶದ ಅರ್ಜಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಹಳೆಯ ಬ್ರೌಸರಿನಲ್ಲಿ ಮಾತ್ರ ತೆರೆಯುತ್ತಿತ್ತು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಇಡೀ ಅರ್ಜಿಯನ್ನು ಹೊಸದಾಗಿ ಬರೆಸಬೇಕಾಯಿತು. ಎಲ್ಲ ಬ್ರೌಸರುಗಳೂ ಒಪ್ಪಿಕೊಂಡ ರೀತಿಯಲ್ಲಿ ಮೊದಲೇ ಬರೆಸಿದ್ದರೆ ಆ ಖರ್ಚು ಇರುತ್ತಿರಲಿಲ್ಲ.

ಕೊಟೇಶನ್‌ನಲ್ಲಿ ನಾನು ಮಾನದಂಡ ಪಾಲಿಸುವ ಕೆಲಸಕ್ಕೆ ಬೇರೆ ದರ ಹಾಕುವುದಿಲ್ಲ. ಹಾಕಿದರೆ ಚೌಕಾಸಿಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಅದನ್ನು ಬಿಟ್ಟು ಅಗ್ಗದಲ್ಲಿ ಮಾಡಿಕೊಡಿ ಎಂದವರಿಗೆ, ಬೇರೆಯವರಲ್ಲಿ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.